ಸೋರೆಬುರುಡೆಯ ಎರಡು ತೂತು

ಯಾದಗಿರಿಯ ಈಜುಕೊಳದಲ್ಲಿ ಹೆಂಗಸರಿಗೆ ಈಜು ಕಲಿಸುವವಳು ನಾನೊಬ್ಬಳೇ. ಗಂಡಸರಿಗೆ, ಮಕ್ಕಳಿಗೆ, ಸ್ಪರ್ಧೆಗೆ ಹೋಗುವವರಿಗೆ ಬೇರೆ ಬೇರೆ ಕೋಚ್‌ಗಳಿದ್ದಾರೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ನಮ್ಮ ಹೊತ್ತು. ಆಗ ಗೇಟಿಗೆ ಚಾದರ ಕಟ್ಟಿ, ವಾಚ್‌ಮನ್‌ನನ್ನು ಆಚೆ ಬೇವಿನ ಗಿಡದ ಕೆಳಗೆ ಕೂಡಿಸಿ, ಎಲ್ಲರ ಮೊಬೈಲನ್ನೂ ಒಂದು ಬುಟ್ಟಿಗೆ ಹಾಕಿಸಿ ಒಳಗಿಡುತ್ತೇನೆ. ಯಾವನಾದರೂ ಇಣುಕಿದನೋ, ನನ್ನ ಬಾಯಿಗೆ ಸಿಕ್ಕಿ ಹಣ್ಣಾಗಿ ಹೋಗುತ್ತಾನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಇಲ್ಲಿ ಬರೆಯಲು ಹೊರಟಿರುವ ತಪ್ಪಿನಲ್ಲಿ ಅರ್ಧ ಪಾಲು ಆ ಬಾಯಿಯದು.

ನಮ್ಮ ತಂಡದಲ್ಲಿ ಎಲ್ಲ ನಮೂನೆಯವರೂ ಇದ್ದಾರೆ. ಮೊಣಕಾಲು ನೋವಿಗೆ ಡಾಕ್ಟರು ಹೇಳಿ ಕಳಿಸಿದವರು, ನರ್ಸಿಂಗ್ ಕಲಿಯುವ ಹುಡುಗಿಯರು, ರಾಜ್ಯಮಟ್ಟಕ್ಕೆ ಹೋಗಬೇಕೆಂದು ಹಟ ಹಿಡಿದ ಕಾಲೇಜಿನ ಇಬ್ಬರು. ಸುರಪುರದಿಂದ ವಾರಕ್ಕೆರಡು ಸಲ ಬಸ್ಸು ಹಿಡಿದು ಬರುವ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಅವರು ಕೈಕಾಲು ಆಡಿಸುವುದೇ ಇಲ್ಲ. ಅಂಗಾತ ತೇಲುತ್ತ ಮುಕ್ಕಾಲು ತಾಸು ಮೋಡ ನೋಡಿ, ಎದ್ದು ಹೋಗುತ್ತಾರೆ. ನಾನೂ ಏನೂ ಅನ್ನುವುದಿಲ್ಲ. ಅವರಿಗೆ ಬೇಕಾಗಿರುವುದು ಅಷ್ಟೇ.

ನಾನು ಕೃಷ್ಣೆಯ ದಂಡೆಯವಳು. ನಾರಾಯಣಪುರದ ಡ್ಯಾಮಿನ ಕೆಳಗೆ, ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವಳು. ಮೀನಿನ ಮರಿಗೆ ಈಜು ಕಲಿಸಬೇಕೇ ಅನ್ನುತ್ತಾರೆ. ನಮ್ಮಪ್ಪ ಮಾತ್ರ ಊರಿನ ಎಲ್ಲ ಮಕ್ಕಳಿಗೂ ಕಲಿಸುತ್ತಿದ್ದ, ತನ್ನ ಮಕ್ಕಳನ್ನೂ ಸೇರಿಸಿ. ಒಣಗಿದ ಸೋರೆಬುರುಡೆಯ ಬಾಯಿಗೆ ಮೇಣ ಮೆತ್ತಿ, ಹಗ್ಗದಿಂದ ಬೆನ್ನಿಗೆ ಕಟ್ಟಿ, ಹೊಳೆಯ ಮಡುವಿಗೆ ಬಿಡುತ್ತಿದ್ದ. ತಾನು ಹಿಂದೆ ಹಿಂದೆ ಬರುತ್ತಿದ್ದ. ಹತ್ತು ಹದಿನೈದು ದಿನ ಹೀಗೆ. ಕೈಕಾಲು ಹದಕ್ಕೆ ಬಂತು ಅನ್ನಿಸಿದಾಗ, ಒಂದು ಮುಂಜಾನೆ ಯಾರಿಗೂ ಹೇಳದೆ ದಬ್ಬಣ ತೆಗೆದುಕೊಂಡು ಆ ಬುರುಡೆಗೆ ಎರಡು ತೂತು ಹಾಕುತ್ತಿದ್ದ. ಒಂದು ನೀರು ಒಳಗೆ ಹೋಗಲಿಕ್ಕೆ, ಒಂದು ಗಾಳಿ ಹೊರಗೆ ಬರಲಿಕ್ಕೆ. ನೀರಿಗಿಳಿದ ಮೇಲೆ ಬುರುಡೆ ಮೆಲ್ಲಗೆ ತುಂಬಿಕೊಳ್ಳುತ್ತದೆ. ಬೆನ್ನಿನ ಮೇಲೆ ಆಸರೆ ಇದೆ ಎಂದುಕೊಂಡು ಮಗು ಈಜುತ್ತಲೇ ಇರುತ್ತದೆ. ಆಚೆ ದಡ ಮುಟ್ಟಿದ ಮೇಲೆ ಅಪ್ಪ ಬುರುಡೆ ಬಿಚ್ಚಿ, ಬಾಯಿಯ ಮೇಣ ಕಿತ್ತು, ಒಳಗಿನ ನೀರನ್ನು ಮಗುವಿನ ತಲೆಯ ಮೇಲೆ ಸುರಿಯುತ್ತಿದ್ದ. ದಂಡೆಯ ಮೇಲಿದ್ದವರೆಲ್ಲ ಹೋ ಎಂದು ಕೂಗಬೇಕು, ಚುರುಮುರಿ ಬೆಲ್ಲ ಹಂಚಬೇಕು. ಅವತ್ತಿನಿಂದ ಆ ಮಗು ಹೊಳೆಯದು.

"ಅಂಜಿಕಿ ಬೆನ್ನಿನ ಮ್ಯಾಲ ಕುಂತಿರ್ತದ. ಅದಕ್ಕ ಗೊತ್ತಾಗದಂಗ ಅದನ್ನ ಇಳಸಬೇಕು" ಎನ್ನುತ್ತಿದ್ದ ಅಪ್ಪ. ನನ್ನ ತಲೆಯ ಮೇಲೆ ಆ ನೀರು ಬಿದ್ದಾಗ ನನಗೆ ಏಳು ವರ್ಷ. ಅಂಥ ಹೆಮ್ಮೆ ನನಗೆ ಆಮೇಲೆ ಯಾವ ಸರ್ಟಿಫಿಕೇಟು ಬಂದಾಗಲೂ ಆಗಿಲ್ಲ.

ಈ ಕೊಳದಲ್ಲಿ ಕೆಲಸಕ್ಕೆ ಸೇರಿದಾಗ ಹೆಂಗಸರಿಗೆಂದು ಕೊಟ್ಟ ತೇಲುವ ಬೆಲ್ಟುಗಳು ಸಣ್ಣ ಹುಡುಗರ ಅಳತೆಯವು. ನಾಲ್ಕು ಮಕ್ಕಳನ್ನು ಹಡೆದ ಸೊಂಟಕ್ಕೆ ಅವು ಸುತ್ತು ಬರುತ್ತವೆಯೇ? ಕೇಳಿ ಕೇಳಿ ಸಾಕಾಗಿ, ತವರಿಗೆ ಹೋದಾಗ ಒಂದು ಚೀಲ ಸೋರೆಬುರುಡೆ ತಂದೆ. ಉಳಿದ ಕೋಚ್‌ಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ನಮ್ಮ ಹೆಂಗಸರು ಆ ಬುರುಡೆಗಳನ್ನು ಕಂಡದ್ದೇ ತಡ, ಅರ್ಧ ಹೆದರಿಕೆ ಬಿಟ್ಟರು. ಅಡುಗೆಮನೆಯಲ್ಲಿ ನೋಡಿದ ವಸ್ತುವಿನ ಮೇಲೆ ಅವರಿಗೆ ನಂಬಿಕೆ. ವರ್ಷಗಟ್ಟಲೆ ಅಪ್ಪನ ರೀತಿಯಲ್ಲೇ ಕಲಿಸಿದೆ. ಎಷ್ಟೋ ತಲೆಗಳ ಮೇಲೆ ನೀರು ಸುರಿದೆ. ಎಲ್ಲರೂ ನಕ್ಕರು, ಒಬ್ಬಿಬ್ಬರು ಖುಷಿಗೆ ಅತ್ತರು. ಯಾರೂ ನನ್ನದು ತಪ್ಪು ಅನ್ನಲಿಲ್ಲ. ಅದೇ ನನ್ನನ್ನು ಕೆಡಿಸಿತು.

ಆಕೆ ಬಂದದ್ದು ಒಂದು ಬೇಸಿಗೆಯ ಮೊದಲಿಗೆ. ಹುಡುಗಿಯರ ಹಾಸ್ಟೆಲೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ, ವಯಸ್ಸು ಮೂವತ್ತೈದರ ಹತ್ತಿರ. ಶಹಾಪುರ ತಾಲೂಕಿನ ಸಗರದವಳು. ಮನೆಯವರು ಕುರಿ ಸಾಕುವವರು. ಸಣ್ಣಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣ್ಣಗೆ, ಜೋಳದ ದಂಟಿನ ಹಾಗೆ ಉಳಿದುಬಿಟ್ಟಿತ್ತು. ತೊಡೆಯ ಮೇಲೆ ಕೈ ಊರಿ, ಬಗ್ಗಿ ಬಗ್ಗಿ ನಡೆಯುತ್ತಿದ್ದಳು. ಹಾಸ್ಟೆಲಿನ ಹುಡುಗಿಯರು ನಮ್ಮಲ್ಲಿ ಈಜು ಕಲಿಯುತ್ತಿದ್ದರು. ಅವರ ಒದ್ದೆ ತಲೆ ನೋಡಿ ನೋಡಿ ಆಕೆಗೂ ಆಸೆಯಾಗಿತ್ತು.

"ನನ್ನಂಥಾಕಿಗೂ ಕಲಸ್ತೀರೇನ್ರಿ ಅಕ್ಕಾರ?" ಎಂದು ಗೇಟಿನಲ್ಲೇ ನಿಂತು ಕೇಳಿದಳು.

"ನಿನ್ನಂಥಾಕಿ ಅಂದ್ರ ಎಂಥಾಕಿ? ಒಳಗ ಬಾ ಸುಮ್ನ" ಎಂದೆ.

ಕಟಕಟೆ ಹಿಡಿದು ಎದೆಮಟ್ಟದ ನೀರಿಗಿಳಿದವಳು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತೊಡೆಯ ಮೇಲಿನ ಕೈಯನ್ನು ತಾನಾಗಿ ಬಿಟ್ಟಳು. ಬೆನ್ನು ನೆಟ್ಟಗಾಯಿತು. "ಅಕ್ಕಾರ, ಕಾಲಿನ ಭಾರ ಎಲ್ಲಿ ಹೋತ್ರಿ?" ಎಂದಳು. ಆ ದನಿ ಕೇಳಿ ಮೋಡ ನೋಡುತ್ತಿದ್ದ ಸುರಪುರದ ಟೀಚರ್ ಕೂಡ ತಲೆಯೆತ್ತಿದರು. ಆಕೆ ಇಷ್ಟೆತ್ತರದವಳು ಎಂದು ನಮಗೆ ಗೊತ್ತಾದದ್ದೇ ಅವತ್ತು.

ಬೆನ್ನಿಗೆ ಬುರುಡೆ ಕಟ್ಟಿದ ದಿನ ಆಕೆ ನನ್ನ ಮುಂಗೈ ಹಿಡಿದುಕೊಂಡಳು. "ಒಂದು ಮಾತು ಕೊಡ್ರಿ ಅಕ್ಕಾರ. ಇದನ್ನ ತೆಗಿಯೂ ದಿನ ನನಗ ಹೇಳಿ ತೆಗೀರಿ. ಹುಡುಗೀರು ಹೇಳ್ಯಾರ, ನೀವು ಗೊತ್ತಾಗದಂಗ ತೂತು ಹಾಕ್ತೀರಂತ. ನನಗ ಹಂಗ ಮಾಡಬ್ಯಾಡ್ರಿ. ಸಣ್ಣಾಕಿ ಇದ್ದಾಗಿಂದ ಯಾರೂ ನನ್ನ ಕೇಳಿ ಎತ್ತಿಲ್ರಿ. ಬಸ್ಸಿನಾಗ ಕಂಡಕ್ಟರ್ ಎತ್ತಿ ಕೂಡಸ್ತಾನ, ದವಾಖಾನ್ಯಾಗ ಎತ್ತಿ ಮಲಗಸ್ತಾರ, ಮದುವ್ಯಾಗ ಎತ್ತಿ ಮೂಲ್ಯಾಗ ಕೂಡಸ್ತಾರ. ಒಳ್ಳೇದಕ್ಕ ಎತ್ತತಾರ, ಖರೆ. ಆದ್ರ ಕೇಳಂಗಿಲ್ರಿ."

"ಆಯ್ತು ತಂಗಿ, ಹೇಳೇ ತೆಗೀತೀನಿ" ಎಂದೆ. ಹಟ ಮಾಡುವ ಮಗುವಿಗೆ ಹೂಂ ಅನ್ನುತ್ತೇವಲ್ಲ, ಹಾಗೆ ಅಂದೆ. ಆಕೆ ಅದನ್ನು ಮಾತು ಎಂದು ತೆಗೆದುಕೊಂಡಳು.

ದಿನಕ್ಕೆ ಮುನ್ನೂರು ನಾನೂರು ರೊಟ್ಟಿ ಬಡಿಯುವ ಕೈ ಎಂದರೆ ಸುಮ್ಮನೆಯೇ? ಆಕೆಯ ಭುಜ ನೋಡಿ ಕಾಲೇಜಿನ ಹುಡುಗಿಯರು ಹೊಟ್ಟೆಕಿಚ್ಚು ಪಟ್ಟರು. ಒಂದು ಕಾಲು ಸುಮ್ಮನೆ ಹಿಂದೆ ಬರುತ್ತಿತ್ತು, ಉಳಿದದ್ದೆಲ್ಲವನ್ನೂ ಆ ಎರಡು ತೋಳು ನೋಡಿಕೊಳ್ಳುತ್ತಿದ್ದವು. ಮೂರನೇ ವಾರಕ್ಕೆ ಬುರುಡೆ ಕಟ್ಟಿಕೊಂಡು ಕೊಳದ ಈ ತುದಿಯಿಂದ ಆ ತುದಿಗೆ, ಪೂರಾ ಇಪ್ಪತ್ತೈದು ಮೀಟರು, ನಿಲ್ಲದೆ ಹೋಗತೊಡಗಿದಳು. ನಾನು ಹಿಂದೆ. ಆಗಾಗ "ಅದೀರೇನ್ರಿ?" ಎಂದು ಕೇಳುತ್ತಿದ್ದಳು. "ಅದೀನಿ, ನೀ ನಡಿ" ಎನ್ನುತ್ತಿದ್ದೆ. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಕೊಳದಲ್ಲಿ ಒಂದು ಸ್ಪರ್ಧೆ ಇಟ್ಟರು. ಆರು ವರ್ಷದವರಿಂದ ಅರವತ್ತು ದಾಟಿದವರ ತನಕ, ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯವರಿಗೆ. ಅಂಗವಿಕಲರಿಗೆ ಬೇರೆ ಸ್ಪರ್ಧೆ, ಇಪ್ಪತ್ತೈದು ಮೀಟರು. ನಾನು ಹಿಂದೆಮುಂದೆ ನೋಡದೆ ಆಕೆಯ ಹೆಸರು ಬರೆಸಿಬಿಟ್ಟೆ. ಬರೆಸಿದ ಮೇಲೆ ಹೇಳಿದೆ. ಆಕೆ "ನೋಡೂಣ್ರಿ" ಎಂದು ನಕ್ಕಳು. ಬುರುಡೆ ಕಟ್ಟಿಕೊಂಡು ಸ್ಪರ್ಧೆಗಿಳಿಯಲು ಬಿಡುವುದಿಲ್ಲ ಎಂಬುದೂ ಆಕೆಗೆ ಗೊತ್ತಾಯಿತು. "ಬುರುಡಿ ಯಾವಾಗ ತೆಗಿಯೂಣು?" ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಅದೇ ನಗು, ಅದೇ "ನೋಡೂಣ್ರಿ". ಇವಳಿಗೆ ಅಂಜಿಕೆ, ಹೀಗೆ ಬಿಟ್ಟರೆ ಬೇಸಿಗೆಯೇ ಮುಗಿದು ಹೋಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಇನ್ನೊಂದು ಆಸೆಯೂ ಇತ್ತು. ನನ್ನ ಬುರುಡೆಗಳನ್ನು ನೋಡಿ ನಕ್ಕ ಕೋಚ್‌ಗಳ ಎದುರಿಗೆ ಇವಳನ್ನು ನೀರಿಗಿಳಿಸಿ ತೋರಿಸಬೇಕಿತ್ತು.

ಬುಧವಾರ ಮುಂಜಾನೆ ಚಹಾ ಕುದಿಯಲು ಇಟ್ಟು, ಅಡುಗೆಮನೆಯಲ್ಲೇ ಕೂತು ಆಕೆಯ ಬುರುಡೆಗೆ ದಬ್ಬಣ ಹಾಕಿದೆ. ಮಾತು ಕೊಟ್ಟದ್ದು ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಆಮೇಲೆ ಅವಳೇ ನನ್ನ ಕೈ ಹಿಡಿದು ನಗುತ್ತಾಳೆ ಎಂದುಕೊಂಡಿದ್ದೆ.

ಅವತ್ತು ಆಕೆ ಎಂದಿಗಿಂತ ಚೆನ್ನಾಗಿ ಈಜಿದಳು. ಅರ್ಧ ದಾರಿ ಆಗುವಷ್ಟರಲ್ಲಿ ಬುರುಡೆಯಿಂದ ಗುಳ್ಳೆ ಬರುವುದು ನಿಂತು, ಅದು ಬೆನ್ನಿನ ಮೇಲೆ ಸುಮ್ಮನೆ ಜೋತುಬಿದ್ದಿತ್ತು. "ಅದೀರೇನ್ರಿ?" ಎಂದಳು. "ಅದೀನಿ" ಎಂದೆ. ಆಳದ ನೀರು ದಾಟಿ ಆಚೆ ಗೋಡೆಯ ಸರಳು ಹಿಡಿದಳು. ನಾನು ಗಂಟು ಬಿಚ್ಚಿ, ಬುರುಡೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿ, ಒಳಗಿನ ನೀರನ್ನೆಲ್ಲ ಆಕೆಯ ತಲೆಯ ಮೇಲೆ ಸುರಿದೆ. ರೂಢಿಯಾಗಿತ್ತಲ್ಲ, ಹೆಂಗಸರೆಲ್ಲ ಹೋ ಎಂದು ಕೂಗಿದರು, ಚಪ್ಪಾಳೆ ಬಿತ್ತು.

ಆಕೆ ನಗಲಿಲ್ಲ. ಕಣ್ಣು ಒರೆಸಿಕೊಂಡು ನನ್ನ ಕೈಯಿಂದ ಬುರುಡೆ ತೆಗೆದುಕೊಂಡಳು. ಹೊರಳಿಸಿ ಹೊರಳಿಸಿ ನೋಡಿ, ಹೆಬ್ಬೆರಳಿನಿಂದ ಸವರಿ ಎರಡೂ ತೂತು ಹುಡುಕಿದಳು.

"ಯಾವಾಗ ಹಾಕೀರಿ?"

"ಮುಂಜಾನೆ."

"ಹೇಳ್ತೀನಿ ಅಂದಿದ್ರಿ."

ತಪ್ಪಾಯಿತು ತಂಗಿ ಎಂದು ನಾನು ಅಲ್ಲಿಯೇ ಅನ್ನಬಹುದಿತ್ತು. ಅಷ್ಟೂ ಹೆಂಗಸರು ನೋಡುತ್ತಿದ್ದರು, ಚಪ್ಪಾಳೆ ನಿಂತಿತ್ತು. ನನ್ನ ಸಿಟ್ಟು ನನಗಿಂತ ಮುಂದೆ ಹೋಯಿತು. "ಹೇಳಿದ್ರ ನೀ ಈಸ್ತಿದ್ದೇನು? ಏನಾತು ಈಗ, ಸತ್ತೇನು? ಬುರುಡಿ ಇಲ್ಲದ ಇಪ್ಪತ್ತೈದು ಮೀಟರ್ ಬಂದೀ. ಖುಷಿ ಪಡೂದು ಬಿಟ್ಟು ಮಾರಿ ಗಂಟು ಹಾಕ್ಕೊಂಡು ನಿಂತಾಳ!"

ಆಕೆ ಬುರುಡೆಯನ್ನು ದಂಡೆಯ ಮೇಲಿಟ್ಟಳು. ಈಜಿ ಬಂದವಳು ಈಜದೆ ಹೊರಟಳು. ಗೋಡೆ ಹಿಡಿದು, ಒಂದೊಂದೇ ಕೈ ಮುಂದಿಡುತ್ತ, ಸುತ್ತು ಹಾಕಿ ಕಡಿಮೆ ನೀರಿನ ಕಡೆ ಬಂದಳು. ಮೆಟ್ಟಿಲ ಬಳಿ ನರ್ಸಿಂಗ್ ಹುಡುಗಿ ರಟ್ಟೆ ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿದಳು. ನೀರಿನಿಂದ ಮೇಲೆ ಬಂದಂತೆ ಬೆನ್ನು ಮತ್ತೆ ಬಾಗಿತು, ಕೈ ಮತ್ತೆ ತೊಡೆಯ ಮೇಲೆ ಹೋಯಿತು.

ಗುರುವಾರ ಬರಲಿಲ್ಲ, ಶುಕ್ರವಾರ ಬರಲಿಲ್ಲ. ಎಲ್ಲಿಗೆ ಹೋಗುತ್ತಾಳೆ, ಬರುತ್ತಾಳೆ ಬಿಡು ಎಂದು ನಾನೂ ಬಿಗಿದುಕೊಂಡು ಕೂತೆ. ಹಾಸ್ಟೆಲು ಕೊಳದಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಸ್ಪರ್ಧೆಯ ದಿನ ಮೈಕಿನಲ್ಲಿ ಆಕೆಯ ಹೆಸರನ್ನು ಮೂರು ಸಲ ಕೂಗಿದರು. ಆಕೆಗೆಂದು ಬಿಟ್ಟ ಮೂರನೇ ಲೇನಿನ ನೀರಿನಲ್ಲಿ ಯಾರೂ ಇರಲಿಲ್ಲ. ಶಹಾಪುರದಿಂದ ಬಂದಿದ್ದ, ಒಂದು ಕೈ ಇಲ್ಲದ ಹೆಂಗಸೊಬ್ಬಳು ಗೆದ್ದಳು. ಚೆನ್ನಾಗಿ ಈಜಿದಳು, ಚಪ್ಪಾಳೆ ಹೊಡೆದೆ. ಆ ಹೆಂಗಸು ಗುರಿ ಮುಟ್ಟುವಾಗ ಮಾತ್ರ ನನ್ನ ಕಣ್ಣು ಖಾಲಿ ನೀರಿನ ಕಡೆಗೇ ಹೋಯಿತು.

ಆಗ ನನಗೆ ನನ್ನ ಅಕ್ಕ ನೆನಪಾದಳು. ನನಗಿಂತ ಎರಡು ವರ್ಷ ದೊಡ್ಡವಳು. ಅಪ್ಪ ಅವಳ ತಲೆಯ ಮೇಲೆ ಬುರುಡೆಯ ನೀರು ಸುರಿದ ದಿನ ಅವಳು ದಂಡೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದಳು. ತಿಂಗಳಾನುಗಟ್ಟಲೆ ಅಪ್ಪನ ಸಂಗಡ ಮಾತಾಡಲಿಲ್ಲ, ಹೊಳೆಗೂ ಇಳಿಯಲಿಲ್ಲ. "ಚಲೋ ಮಾಡಾಕ ಹೋದ್ರ ಸೆಡವು ನೋಡು ಇಕಿದು" ಎಂದು ಮನೆಯವರೆಲ್ಲ ಆಡಿಕೊಂಡು ನಕ್ಕರು. ನಾನೂ ನಕ್ಕೆ. ಇವತ್ತಿಗೂ ಅಕ್ಕ ನೀರಿಗೆ ಬೆನ್ನು ಹಾಕಿಯೇ ಬಟ್ಟೆ ಒಗೆಯುತ್ತಾಳೆ. ನಲವತ್ತು ವರ್ಷ ಅದನ್ನು ಕಣ್ಣಾರೆ ನೋಡಿಯೂ ಅಪ್ಪನ ರೀತಿಯಲ್ಲಿ ತಪ್ಪಿರಬಹುದು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ. ಅಕ್ಕನ ಅಳುವಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಎರಡನ್ನೂ ಒಂದೇ ದಿನ ಮಾಡಿದ್ದೆ. ಆದರೂ ಹಾಸ್ಟೆಲಿಗೆ ಹೋಗಲು ನನಗೆ ಆರು ವಾರ ಹಿಡಿಯಿತು, ಹೋದಾಗ ಹಾಸ್ಟೆಲಿಗೆ ರಜೆ. ಆಕೆ ಸಗರಕ್ಕೆ ಹೋಗಿದ್ದಳು. ಶಹಾಪುರದಲ್ಲಿ ಮಕ್ಕಳ ಶಿಬಿರದ ಕೆಲಸ ಬಿದ್ದ ದಿನ, ಅದನ್ನು ಮುಗಿಸಿಕೊಂಡು ಸಗರದ ಬಸ್ಸು ಹತ್ತಿದೆ.

ಕುರಿಹಟ್ಟಿಯ ಪಕ್ಕದ ಮನೆ. ಆಕೆ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಜಾಗ ಬಿಟ್ಟಳು. ಒಳಗಿನಿಂದ ಆಕೆಯ ತಾಯಿ ಮಜ್ಜಿಗೆ ತಂದುಕೊಟ್ಟಳು. ಸಣ್ಣ ಜೀವದ ಮುದುಕಿ.

"ಯಾರವ್ವಾ ಇವರು?" ಎಂದು ತಾಯಿ ಕೇಳಿದಳು.

"ಹಾಸ್ಟೆಲ್ ಕಡಿಯಾರು" ಎಂದಳು ಮಗಳು.

ನಾನು ಮಜ್ಜಿಗೆ ಕುಡಿದೆ. ತಾಯಿ ಕುರಿಮರಿಗಳಿಗೆ ಸೊಪ್ಪು ಹಾಕಲು ಹಿತ್ತಲಿಗೆ ಹೋದ ಮೇಲೆ ಆಕೆ ತಾನಾಗಿ ಹೇಳಿದಳು. "ನಮ್ಮವ್ವಗ ನಾ ಈಸೂದು ಗೊತ್ತಿಲ್ರಿ. ಹನ್ನೊಂದು ವರ್ಷ ಆಗೂತನಕ ನನ್ನ ಟೊಂಕದ ಮ್ಯಾಲ ಹೊತ್ಕೊಂಡು ಕುರಿ ಹಿಂದ ತಿರಗ್ಯಾಳ. ಕುರಿ ಮೈ ತೊಳಿಯಾಕ ಕೆರಿಗೆ ಹೋದ್ರ ನನ್ನ ಏರಿ ಮ್ಯಾಲ ಕೂಡಸಿ, ನೀರಿನ ಕಡಿ ಬರಬ್ಯಾಡಂತ ಆಣಿ ಹಾಕ್ತಿದ್ಲು. ಅದಕ್ಕ ಆ ವಾರದ ಶುಕ್ರವಾರ ಅಕಿನ್ನ ಕೊಳಕ್ಕ ಕರಸಿದ್ದೆ, ಏನಂತ ಹೇಳಿರಲಿಲ್ಲ. ಅಕಿ ಕಣ್ಣ ಮುಂದ ನಾನ ಬುರುಡಿ ಬಿಚ್ಚಿ ನಿಮ್ಮ ಕೈಯಾಗ ಕೊಟ್ಟು ಈಸಬೇಕು ಅಂತ ಮಾಡಿದ್ದೆ. ನೋಡೂಣ್ರಿ, ನೋಡೂಣ್ರಿ ಅಂದಿದ್ದು ಅದಕ್ಕರಿ."

"ಶುಕ್ರವಾರ ಬಂದಿದ್ಲೇನು?"

"ಬಂದಿದ್ಲು. ಕುರಿ ಬ್ಯಾರೇದಾರ ಕೈಯಾಗ ಬಿಟ್ಟು ಬಂದಿದ್ಲು. ಬಂದಾಕಿನ್ನ ಹಂಗ ಕಳಸಬಾರ್ದು ಅಂತ ಬಸ್‌ಸ್ಟ್ಯಾಂಡಿನಿಂದ ಅಬ್ಬೆತುಮಕೂರು ಮಠಕ್ಕ ಕರ್ಕೊಂಡು ಹೋದೆ. ದರ್ಶನ ಮಾಡಸಿದೆ, ಊಟ ಮಾಡಿದ್ವಿ, ಸಂಜಿ ಬಸ್ಸಿಗೆ ಹತ್ತಸಿದೆ. ದೇವರ ದರ್ಶನಕ್ಕ ಕರಸಿದ್ದೆ ಅಂತ ತಿಳಕೊಂಡಾಳ."

ನಾನು ಅತ್ತೆ. ಅಳುವುದು ನನ್ನ ಜಾಯಮಾನವಲ್ಲ, ಆದರೂ ಅತ್ತೆ. "ತಪ್ಪಾತು ತಂಗಿ. ಹೇಳದ ಮಾಡಬಾರದಿತ್ತು. ಆಮ್ಯಾಲ ಆ ಮಾತೂ ಆಡಬಾರದಿತ್ತು" ಎಂದೆ. ಆಕೆ ನನ್ನ ಕೈ ಹಿಡಿದುಕೊಂಡಳು. ರೊಟ್ಟಿ ಬಡಿದು ಗಟ್ಟಿಯಾದ ಅಂಗೈ. "ಇರ್ಲಿ ಬಿಡ್ರಿ ಅಕ್ಕಾರ. ನೀವೂ ಒಳ್ಳೇದಕ್ಕ ಮಾಡೀರಿ" ಎಂದಳು. ಬೈದಿದ್ದರೆ ಆಗುತ್ತಿತ್ತು. ಕಂಡಕ್ಟರನ ಸಾಲಿನಲ್ಲಿ, ದವಾಖಾನೆಯವರ ಸಾಲಿನಲ್ಲಿ ನನ್ನನ್ನೂ ಸೇರಿಸಿದ್ದಳು.

ಬಸ್ಸಿನ ತನಕ ಬರುತ್ತೇನೆಂದು ತೊಡೆಯ ಮೇಲೆ ಕೈ ಊರಿಕೊಂಡು ನನ್ನ ಜೊತೆ ನಡೆದಳು. ನಾನು ದಾರಿಯುದ್ದಕ್ಕೂ ಬೇಡಿಕೊಂಡೆ. ರಜೆ ಮುಗಿದ ಮೇಲೆ ಬಾ, ಬೇಕಾದರೆ ಬುರುಡೆಯನ್ನು ನೀನೇ ತಂದುಕೋ, ನೀನೇ ಕಟ್ಟಿಕೋ, ನೀನೇ ಬಿಚ್ಚು, ಅವ್ವನನ್ನೂ ಕರೆಸು, ನಾನು ಕೈ ಹಚ್ಚುವುದಿಲ್ಲ, ಸುಮ್ಮನೆ ಹಿಂದೆ ಇರುತ್ತೇನೆ ಎಂದೆ.

ಬಸ್ಸು ತಿರುವಿನಲ್ಲಿ ಕಂಡಾಗ ಆಕೆ ನಿಂತಳು.

"ನೀರಿನ ಮ್ಯಾಲ ನನಗ ಸಿಟ್ಟಿಲ್ರಿ ಅಕ್ಕಾರ, ನಿಮ್ಮ ಮ್ಯಾಲೂ ಇಲ್ಲ. ಆದ್ರ ಇನ್ನ ನೀವು ಹಿಂದ ಇದ್ರ ನಾ ಹೊಳ್ಳಿ ಹೊಳ್ಳಿ ನೋಡಬೇಕಾಗ್ತದ. ಹೊಳ್ಳಿ ನೋಡ್ಕೊಂತ ಈಸಾಕ ಬರ್ತದೇನ್ರಿ?"

"ಬರಂಗಿಲ್ಲ ತಂಗಿ" ಎಂದೆ. ಕಲಿಸುವವಳಾಗಿ ಆಕೆಗೆ ನಾನು ಹೇಳಿದ ಕೊನೆಯ ಮಾತು ಅದು, ಮತ್ತು ನಿಜವಾದ ಮಾತು. ಬಸ್ಸು ಬಂದು ನಿಂತಿತು, ನಾನು ಹತ್ತಿದೆ.